ಬಗ್ಗಲಾಗದಿದ್ದರೆ ಬೈಕನ್ನೇ ಎತ್ತೋಣ

ಆಫೀಸಿನಲ್ಲಿ ಕೂತು ಕೆಲಸ ಮಾಡುವ ನಮಗೆಲ್ಲ ಎತ್ತರದ ಬಗ್ಗೆ ಭಾರೀ ಕಾಳಜಿ. ಮಾನಿಟರ್ ಕಣ್ಣಿನ ಮಟ್ಟಕ್ಕಿರಬೇಕು, ಮೊಣಕೈ ಮೇಜಿಗೆ ಸಮ ಇರಬೇಕು, ಕುರ್ಚಿಯಲ್ಲಿ ಸೊಂಟಕ್ಕೆ ಆಸರೆ ಇರಬೇಕು. ನಮ್ಮ ಕಂಪನಿಯಲ್ಲಂತೂ ಗುಂಡಿ ಒತ್ತಿದರೆ ಮೇಲೇಳುವ ಮೇಜುಗಳಿವೆ. ಇಷ್ಟೆಲ್ಲ ಸಂಭ್ರಮ ಒಂದು ಕೀಬೋರ್ಡ್ ಕುಟ್ಟೋದಕ್ಕೆ! ಅದೇ ನೂರಾರು ಕೆ.ಜಿ. ತೂಗುವ ಬೈಕಿನ ಎಂಜಿನ್ ಬಿಚ್ಚುವವರು ಮಾತ್ರ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ. ಅದನ್ನು ನಾವು ಎಷ್ಟು ಸಹಜವಾಗಿ ತಗೊಂಡಿದೀವಿ ಅಂದರೆ, ಅವರ ಮೊಣಕಾಲಿನ ಬಗ್ಗೆ ಯಾರೂ ಯೋಚನೆ ಮಾಡೋದೇ ಇಲ್ಲ.

ನಮ್ಮಪ್ಪ ಹಾಗೆ ಕೂತು ಮೂವತ್ತು ವರ್ಷ ಬೈಕ್ ರಿಪೇರಿ ಮಾಡಿದವರು. ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ, ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. ಆದರೆ 1988ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಅನ್ನು ಬೇರೆಯವರ ಕೈಗೆ ಕೊಟ್ಟವರಲ್ಲ. ಭಾನುವಾರ ತಿಂಡಿ ಆದಮೇಲೆ ಗೋಣಿಚೀಲ ಹಾಸಿಕೊಂಡು ಸ್ಪ್ಯಾನರ್ ಹಿಡಿದು ಕೂತರೆ, ಊಟಕ್ಕೆ ಅಮ್ಮ ಮೂರು ಸಲ ಕರೀಬೇಕಿತ್ತು. ನಾನು ಪಕ್ಕದಲ್ಲಿ ಕೂತು ನಟ್ಟು–ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಜೋಡಿಸುತ್ತಿದ್ದೆ. ನಾನು ಎಂಜಿನಿಯರಿಂಗ್ ಓದಿದ್ದಕ್ಕೆ ಆ ಇಡ್ಲಿ ತಟ್ಟೆಯೇ ಕಾರಣ ಅಂತ ಅಮ್ಮ ಈಗಲೂ ಹೇಳ್ತಾರೆ.

ಮೈಸೂರಿನವರಿಗೆ ಯೆಜ್ಡಿ ಅಂದರೆ ಬರೀ ಬೈಕಲ್ಲ, ಊರಿನ ಹೆಮ್ಮೆ. ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1996ರಲ್ಲಿ ಕಾರ್ಖಾನೆ ಮುಚ್ಚಿತು. ಬೈಕುಗಳು ಮಾತ್ರ ಹಠಕ್ಕೆ ಬಿದ್ದಂತೆ ಓಡುತ್ತಲೇ ಇವೆ. ಅದರ ವಿಚಿತ್ರಗಳೂ ಒಂದೆರಡಲ್ಲ. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಎಂಜಿನ್‌ಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲ್ ಜೊತೆ ಎಣ್ಣೆಯೂ ಉರಿದು ಸೈಲೆನ್ಸರ್ ಒಳಗೆ ಇಂಗಾಲ ಕಟ್ಟುತ್ತದೆ. ಆಗಾಗ ಬಿಚ್ಚಿ ಕೆರೆಯಲೇಬೇಕು. ಅಂದರೆ ಯೆಜ್ಡಿ ಇಟ್ಟುಕೊಂಡವರು ನೆಲಕ್ಕೆ ಕೂರಲೇಬೇಕು.

ಮೂರು ವರ್ಷದ ಹಿಂದೆ ಅಪ್ಪನಿಗೆ ಅದು ಸಾಧ್ಯವಾಗದೆ ಹೋಯಿತು. ಎರಡೂ ಮೊಣಕಾಲಿನ ಮೃದ್ವಸ್ಥಿ ಸವೆದಿದೆ, ಕುಕ್ಕರುಗಾಲು, ಚಕ್ಕಳಮಕ್ಕಳ ಎರಡೂ ಬಿಡಿ ಅಂದರು ಮೂಳೆ ಡಾಕ್ಟರು. ಅಪ್ಪ ಎದುರು ಮಾತಾಡಲಿಲ್ಲ. ಮನೆಗೆ ಬಂದು ಬೈಕಿಗೆ ಟಾರ್ಪಾಲು ಹೊದಿಸಿದರು, ಅಷ್ಟೇ. ನಾನು ಬೆಂಗಳೂರಿನಿಂದ ವಾರಾಂತ್ಯಕ್ಕೆ ಹೋದಾಗಲೆಲ್ಲ ಅವರು ಟಿ.ವಿ. ಮುಂದೆ ಇರುತ್ತಿದ್ದರು. ಏನು ನೋಡ್ತಿದೀರಿ ಅಂದರೆ, ‘ಏನೋ ಬರ್ತಿದೆ’ ಅನ್ನೋರು.

ಆಮೇಲೊಂದು ದಿನ ಹಳೇ ಬೈಕು ಸಂಗ್ರಹಿಸುವವರೊಬ್ಬರು ಮನೆ ಹುಡುಕಿಕೊಂಡು ಬಂದು ಒಳ್ಳೇ ರೇಟನ್ನೇ ಹೇಳಿ ಹೋದರು. ಅಪ್ಪ ನನಗೆ ಫೋನ್ ಮಾಡಿದರು. ‘ಕೊಟ್ಟುಬಿಡೋಣ ಕಣಮ್ಮಾ. ಕಣ್ಣೆದುರಿಗೇ ತುಕ್ಕು ಹಿಡಿಯೋದನ್ನ ನೋಡೋಕಾಗಲ್ಲ.’

ಆ ಧ್ವನಿ ನನಗೆ ಹಿಡಿಸಲಿಲ್ಲ. ಬೈಕು ಹೋಗೋದು ಒಂದು ವಿಷಯ. ಅದರ ಜೊತೆ ಅಪ್ಪನ ಭಾನುವಾರವೂ ಹೋಗುತ್ತಲ್ಲ, ಅದು ಇನ್ನೊಂದು. ಅದೇ ವಾರ ನನ್ನ ಸ್ಕೂಟರ್ ಸರ್ವಿಸ್‌ಗೆ ಬಿಟ್ಟಿದ್ದೆ. ಅಲ್ಲಿ ಕಬ್ಬಿಣದ ರ‍್ಯಾಂಪಿನ ಮೇಲೆ ಏರಿಸಿ, ಹುಡುಗನೊಬ್ಬ ನಿಂತುಕೊಂಡೇ ಕೆಲಸ ಮಾಡುತ್ತಿದ್ದ. ಅಪ್ಪ ಬಗ್ಗೋಕಾಗಲ್ಲ ಅಂದರೆ ಬೈಕು ಮೇಲೆ ಬರಲಿ. ಇಷ್ಟು ಸರಳ ಲೆಕ್ಕ.

ಯಾವುದು ತಗೊಳ್ಳೋದು?

ಸರಳ ಲೆಕ್ಕಕ್ಕೆ ಉತ್ತರ ಹುಡುಕಲು ಒಂದು ತಿಂಗಳು ಬೇಕಾಯಿತು. ಅಮ್ಮನ ಸಲಹೆ ಎಲ್ಲಕ್ಕಿಂತ ಅಗ್ಗದ್ದು: ‘ಜಗಲಿ ಮೇಲೆ ಹತ್ತಿಸಿ ಇಟ್ಕೊಳ್ಳಿ, ದುಡ್ಡು ಯಾಕೆ ದಂಡ?’ ತಮಾಷೆಯಲ್ಲ, ಎಷ್ಟೋ ಗ್ಯಾರೇಜುಗಳಲ್ಲಿ ಸಿಮೆಂಟ್ ಕಟ್ಟೆ ಕಟ್ಟಿ ಅದರ ಮೇಲೇ ಕೆಲಸ ಮಾಡ್ತಾರೆ. ಆದರೆ ಕಟ್ಟೆಯ ಎತ್ತರಕ್ಕೆ ಬೈಕನ್ನು ತಳ್ಳಿ ಹತ್ತಿಸಬೇಕು. 65 ವರ್ಷದ ಅಪ್ಪನಿಂದ ಅದು ಆಗದ ಮಾತು.

ಅಪ್ಪನ ಸಲಹೆ ಇನ್ನೊಂದು. ‘ನಮ್ಮ ವೆಲ್ಡಿಂಗ್ ಅಂಗಡಿಯವನಿಗೆ ಹೇಳಿದರೆ ಅರ್ಧ ದುಡ್ಡಿಗೆ ಮಾಡಿಕೊಡ್ತಾನೆ.’ ಕಿಟಕಿ, ಗೇಟು ಮಾಡುವುದರಲ್ಲಿ ಆತ ಎತ್ತಿದ ಕೈ. ಆದರೆ ಗೇಟಿನ ವೆಲ್ಡಿಂಗ್ ಬಿಟ್ಟರೆ ಗೇಟು ವಾಲುತ್ತದೆ. ಲಿಫ್ಟಿನ ವೆಲ್ಡಿಂಗ್ ಬಿಟ್ಟರೆ ಪಕ್ಕದಲ್ಲಿ ಕೂತವರ ಕಾಲ ಮೇಲೆ ಬೈಕು ಬೀಳುತ್ತದೆ. ಇಲ್ಲಿ ಉಳಿತಾಯ ಬೇಡ ಅಂತ ನಾನು ಹಠ ಹಿಡಿದೆ.

ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಮೂರು ನಾಲ್ಕು ಬಗೆ. ಒಂದು, ಬೈಕಿನ ಹೊಟ್ಟೆಯಡಿ ಇಟ್ಟು ಎತ್ತುವ ಪುಟ್ಟ ಜ್ಯಾಕ್. ಅಗ್ಗ, ಜಾಗವೂ ಬೇಡ. ಆದರೆ ಅದು ಎತ್ತುವುದು ಕೆಲವೇ ಇಂಚು, ಅಷ್ಟಕ್ಕೆ ಮೊಣಕಾಲಿಗೆ ಏನೂ ಲಾಭವಿಲ್ಲ. ಜೊತೆಗೆ, ಎಷ್ಟೋ ಬೈಕುಗಳಲ್ಲಿ ಎಂಜಿನ್ ಅಡಿಯಲ್ಲಿ ಫ್ರೇಮ್ ಇರುವುದೇ ಇಲ್ಲ. ಆಗ ಜ್ಯಾಕಿನ ಒತ್ತಡ ನೇರ ಎಂಜಿನ್ನಿನ ಮೇಲೆ ಬೀಳುತ್ತದೆ. ಎರಡನೆಯದು, ಕಾಲಿನಿಂದ ಪೆಡಲ್ ತುಳಿದು ಏರಿಸುವ ಹೈಡ್ರಾಲಿಕ್ ಲಿಫ್ಟ್ ಟೇಬಲ್. ಮೂರನೆಯದು ಗಾಳಿಯ ಒತ್ತಡದ್ದು, ಅದಕ್ಕೆ ಕಂಪ್ರೆಸರ್ ಬೇರೆ ಬೇಕು. ನಾಲ್ಕನೆಯದು ಕರೆಂಟಿನ ಮೋಟರ್ ಇರುವುದು. ವಾರಕ್ಕೊಮ್ಮೆ ಏರಿಸಿ ಇಳಿಸುವ ಮನೆಗೆ ಕಾಲಿನಲ್ಲಿ ತುಳಿಯುವುದೇ ಧಾರಾಳ ಸಾಕು.

ಅದರ ಒಳಗುಟ್ಟು ಪಿಯುಸಿಯಲ್ಲಿ ಓದಿದ ಪಾಸ್ಕಲ್ ನಿಯಮ. ಸಣ್ಣ ಪಿಸ್ಟನ್ ಮೇಲೆ ಕಾಲಿನ ಒತ್ತಡ, ದೊಡ್ಡ ಪಿಸ್ಟನ್ ಮೇಲೆ ಅದರ ಹಲವು ಪಟ್ಟು ಬಲ. ಅದಕ್ಕೆ ಬದಲಾಗಿ ಹೆಚ್ಚು ಸಲ ತುಳಿಯಬೇಕು, ಅಷ್ಟೇ. ಆ ಬಲ ಕೆಳಗಿನ ಕತ್ತರಿಯಾಕಾರದ ಕಾಲುಗಳನ್ನು ಎಬ್ಬಿಸುತ್ತದೆ. ಕತ್ತರಿ ಪೂರ್ತಿ ಮಡಿಚಿಕೊಂಡಿದ್ದಾಗ ತಳ್ಳುವ ಬಲದ ಬಹುಪಾಲು ಅಡ್ಡಕ್ಕೇ ಹೋಗುತ್ತದೆ. ಹಾಗಾಗಿ ಮೊದಲ ನಾಲ್ಕಾರು ತುಳಿತ ಭಾರ, ಮೇಲೆ ಹೋದಂತೆ ಹಗುರ. ಹೊಸದಾಗಿ ತಂದವರು ‘ಲಿಫ್ಟೇ ಸರಿಯಿಲ್ಲ’ ಅಂತ ಗಾಬರಿ ಆಗುವುದು ಇಲ್ಲೇ.

ಅಂಗಡಿಯಲ್ಲಿ ಏನು ನೋಡಬೇಕು?

ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿದೆ. ಮೈಸೂರಿನ ಜಾವಾ ಕಾರ್ಖಾನೆ ಉದ್ಘಾಟಿಸಿದ ಅದೇ ಜಯಚಾಮರಾಜರ ಹೆಸರಿನ ರಸ್ತೆ ಅನ್ನೋದು ಒಂಥರಾ ಶುಭಶಕುನ ಅನ್ನಿಸಿತು. ಅಂಗಡಿಯವರೆಲ್ಲ ಮೊದಲು ಹೇಳುವುದು ಭಾರದ ಲೆಕ್ಕ: ‘ಮೇಡಂ, ಇದು 450 ಕೆ.ಜಿ. ಎತ್ತುತ್ತೆ!’ ಎತ್ತಲಿ, ಸಂತೋಷ. ಆದರೆ ಸ್ಪ್ಲೆಂಡರ್ ತೂಕ ಸುಮಾರು 112 ಕೆ.ಜಿ., ರೋಡ್‌ಕಿಂಗ್ 140ರ ಆಸುಪಾಸು, ಕ್ಲಾಸಿಕ್ 350 ಕೂಡ 195. ನಮ್ಮ ಮನೆಗಳ ಬೈಕಿಗೆ ಭಾರ ದೊಡ್ಡ ಪ್ರಶ್ನೆಯೇ ಅಲ್ಲ. ಅಗ್ಗದ ಲಿಫ್ಟುಗಳು ಸೋಲುವುದು ಅಲುಗಾಟದಲ್ಲಿ. ಬಿಗಿಯಾದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಳೆದಾಗ ಬಲ ಬೀಳುವುದು ಅಡ್ಡಕ್ಕೆ. ಹಾಗಾಗಿ ಖಾಲಿ ಲಿಫ್ಟನ್ನು ಪೂರ್ತಿ ಏರಿಸಿ, ಮೇಲಿನ ತಟ್ಟೆ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಕೀಲುಗಳಲ್ಲಿ ‘ಪ್ಲೇ’ ಜಾಸ್ತಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಅಗಲವಾದ ತಳ, ದಪ್ಪ ಕೀಲು, ಜಾರದಂತೆ ಗೀರುಬಿದ್ದ ತಗಡು ಇದ್ದರೆ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯ, ಕಬ್ಬಿಣದ ಲಾಕ್. ಹೈಡ್ರಾಲಿಕ್ ಎಣ್ಣೆ ಲಿಫ್ಟನ್ನು ಏರಿಸುವುದಕ್ಕೆ, ಹಿಡಿದಿಡುವುದಕ್ಕಲ್ಲ. ಒಳಗಿನ ರಬ್ಬರ್ ಸೀಲ್ ಸ್ವಲ್ಪ ಸವೆದರೂ ಲಿಫ್ಟು ಗೊತ್ತಾಗದ ಹಾಗೆ ಇಳಿಯುತ್ತಾ ಬರುತ್ತದೆ. ಏರಿಸಿದ ಮೇಲೆ ಭಾರ ಕಬ್ಬಿಣದ ಸರಳಿನ ಮೇಲೋ ಹಲ್ಲಿನ ಮೇಲೋ ಕೂರಬೇಕು. ಆ ಲಾಕ್ ಎಷ್ಟು ಎತ್ತರಗಳಲ್ಲಿ ಬೀಳುತ್ತದೆ ಅನ್ನೋದನ್ನು ತಪ್ಪದೆ ಕೇಳಿ. ಒಂದು ಅಂಗಡಿಯಲ್ಲಿ ಪೂರ್ತಿ ಎತ್ತರಕ್ಕೆ ಹೋದಾಗ ಮಾತ್ರ ಲಾಕ್ ಆಗುವಂಥದ್ದು ತೋರಿಸಿದರು. ನನಗೆ ಅದು ಬೇಡವಾಗಿತ್ತು.

ಯಾಕೆ ಅಂದರೆ, ಟೇಪು ಹಿಡಿದು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿದ್ದೆ. ತಟ್ಟೆ ಎರಡೂವರೆ ಅಡಿ ಏರಿದರೆ ಎಂಜಿನ್ ಅಪ್ಪನ ಎದೆಮಟ್ಟಕ್ಕೆ ಬರುತ್ತದೆ. ನಿಂತು ಕೆಲಸ ಮಾಡುವ ಹುಡುಗನಿಗೆ ಸರಿ, ಅಪ್ಪನಿಗೆ ಗಂಟೆಗಟ್ಟಲೆ ನಿಲ್ಲುವುದೂ ಕಷ್ಟ. ಅವರಿಗೆ ಬೇಕಾದದ್ದು ಎರಡಡಿ ಎತ್ತರದ ಸ್ಟೂಲ್ ಮೇಲೆ, ಮೊಣಕಾಲು ಹೆಚ್ಚು ಮಡಿಚದೆ ಕೂತಾಗ ಎಂಜಿನ್ ಕೈಗೆಟುಕುವ ಎತ್ತರ. ಅದಕ್ಕೆ ತಟ್ಟೆ ಒಂದೂವರೆ ಅಡಿಗೆ ನಿಂತರೆ ಸಾಕು. ನೀವೂ ಕೊಳ್ಳುವ ಮುಂಚೆ ಕೆಲಸ ಮಾಡುವವರು ಕೂರ್ತಾರಾ, ನಿಲ್ತಾರಾ ಅಂತ ಮೊದಲು ತೀರ್ಮಾನಿಸಿ. ಆಮೇಲೆ ಲಿಫ್ಟು ಹುಡುಕಿ.

ಕೊನೆಗೆ ತಗೊಂಡದ್ದು ಆರೇಳು ಅಡಿ ಉದ್ದದ, ನಾಲ್ಕು ಎತ್ತರಗಳಲ್ಲಿ ಲಾಕ್ ಆಗುವ, ಮುಂದಿನ ಚಕ್ರ ಹಿಡಿಯುವ ಕ್ಲ್ಯಾಂಪ್ ಇರುವ ಲಿಫ್ಟು. ಜಿಎಸ್‌ಟಿ ಸೇರಿ 23,500 ರೂಪಾಯಿ, ಮೈಸೂರಿಗೆ ಸಾಗಣೆ 1,800. ಬ್ರ್ಯಾಂಡಿನ ಹೊಳಪಿಲ್ಲ, ಪೇಂಟು ಅಲ್ಲಲ್ಲಿ ಸುಮಾರು. ಆದರೆ ಸೀಲ್ ಕಿಟ್ ಬೇಕಾದಾಗ ಸಿಗುತ್ತೆ ಅಂತ ಅಂಗಡಿಯವರು ಡಬ್ಬದಿಂದಲೇ ತೆಗೆದು ತೋರಿಸಿದರು. ನನಗೆ ಪೇಂಟಿಗಿಂತ ಅದು ಮುಖ್ಯ.

ನೆಲ ಸಮ ಇದೆಯಾ?

ಟ್ರಾನ್ಸ್‌ಪೋರ್ಟ್ ಗೋಡೌನಿನಿಂದ ಗೂಡ್ಸ್ ಆಟೊದಲ್ಲಿ ತಂದು, ಬೀದಿಯ ನಾಲ್ಕು ಜನ ಸೇರಿ ಇಳಿಸಿದ್ದಾಯಿತು. ಆಗ ಎದುರಾದದ್ದು ನೆಲ. ಮಳೆನೀರು ಗೇಟಿನ ಕಡೆ ಹರಿಯಲಿ ಅಂತ ನಮ್ಮ ಶೆಡ್ಡಿನ ನೆಲಕ್ಕೆ ಇಳಿಜಾರು ಕೊಟ್ಟಿದ್ದಾರೆ. ಬಹುಪಾಲು ಮನೆಗಳಲ್ಲಿ ಹೀಗೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕೆಳಗೆ ಸಣ್ಣ ವಾಲು ಇದ್ದರೆ ಮೇಲೆ ಹೋದಂತೆ ಬೈಕಿನ ಭಾರ ಒಂದೇ ಬದಿಗೆ ಬೀಳುತ್ತದೆ. ಅಪ್ಪ ಗಾರೆಯವರ ರಸಮಟ್ಟ ತರಿಸಿದರು. ಲಿಫ್ಟಿನ ಕಾಲಿನ ಬೋಲ್ಟುಗಳನ್ನು ತಿರುಗಿಸಿ, ಅವುಗಳ ಅಡಿ ದಪ್ಪ ಕಬ್ಬಿಣದ ಹಲಗೆ ಕೊಟ್ಟು, ಗುಳ್ಳೆ ನಡುವಿಗೆ ಬರುವ ತನಕ ಬಿಡಲಿಲ್ಲ. ಎರಡು ವರ್ಷದಲ್ಲಿ ಅವರು ಯಾವುದಾದರೂ ಕೆಲಸಕ್ಕೆ ಅಷ್ಟು ಹಟ ಮಾಡಿದ್ದನ್ನು ನಾನು ನೋಡಿದ್ದು ಅವತ್ತೇ. ನಿಮ್ಮ ಪಾರ್ಕಿಂಗಿನಲ್ಲಿ ಟೈಲ್ಸ್ ಇದ್ದರೆ ಅಡಿಗೆ ಹಲಗೆ ಹಾಕದೆ ಲಿಫ್ಟ್ ಇಡಬೇಡಿ. ಅಷ್ಟು ಭಾರ ನಾಲ್ಕು ಬಿಂದುಗಳ ಮೇಲೆ ಬಿದ್ದರೆ ಟೈಲು ಬಿರಿಯುತ್ತದೆ.

ಮೊದಲ ಸಲ ಪೆಡಲ್ ತುಳಿದಾಗ ಸ್ಪಂಜಿನ ಹಾಗೆ ಒಳಗೆ ಹೋಯಿತು, ಲಿಫ್ಟು ಮಿಸುಕಲಿಲ್ಲ. ಸಾಗಣೆಯಲ್ಲಿ ಪಂಪಿಗೆ ಗಾಳಿ ಸೇರಿಕೊಂಡಿರುತ್ತದೆ. ಇಳಿಸುವ ವಾಲ್ವ್ ಬಿಟ್ಟು ಹತ್ತಿಪ್ಪತ್ತು ಸಲ ತುಳಿದರೆ ಗಾಳಿ ಹೊರಗೆ ಹೋಗುತ್ತದೆ. ಎಣ್ಣೆ ಕಡಿಮೆ ಇದ್ದರೆ ಹೈಡ್ರಾಲಿಕ್ ಜ್ಯಾಕ್ ಎಣ್ಣೆಯನ್ನೇ ಹಾಕಿ. ಮನೆಯಲ್ಲಿದೆ ಅಂತ ಬ್ರೇಕ್ ಆಯಿಲ್ ಸುರಿದರೆ ಸೀಲ್ ಹಾಳಾಗುತ್ತದೆ.

ಏರಿಸುವ ವಿಧಾನ

ಬೈಕನ್ನು ಓಡಿಸಿಕೊಂಡು ಲಿಫ್ಟಿನ ಮೇಲೆ ಹತ್ತಿಸುವ ವಿಡಿಯೊಗಳು ಬೇಕಾದಷ್ಟಿವೆ. ಅನುಸರಿಸಬೇಡಿ. ಎಂಜಿನ್ ಆಫ್ ಮಾಡಿ, ಒಬ್ಬರು ಹ್ಯಾಂಡಲ್ ಹಿಡಿದು ಮುಂದಿನ ಬ್ರೇಕ್ ಮೇಲೆ ಬೆರಳಿಟ್ಟು, ಇನ್ನೊಬ್ಬರು ಹಿಂದಿನಿಂದ ತಳ್ಳಬೇಕು. ಮಧ್ಯೆ ಸುಸ್ತಾದರೆ ಬ್ರೇಕ್ ಹಿಡಿದು ನಿಲ್ಲಬಹುದು.

ಸೆಂಟರ್ ಸ್ಟ್ಯಾಂಡ್ ಹಾಕುವುದಿದ್ದರೆ ಲಿಫ್ಟು ಕೆಳಗಿರುವಾಗಲೇ ಹಾಕಿ, ಏರಿದ ಮೇಲೆ ಅಲ್ಲ. ಸ್ಟ್ಯಾಂಡ್ ಹಾಕುವಾಗ ಬೈಕು ನಾಲ್ಕು ಬೆರಳು ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಮೊದಲು ಸ್ಟ್ಯಾಂಡ್, ಆಮೇಲೆ ಚಕ್ರಕ್ಕೆ ಕ್ಲ್ಯಾಂಪ್. ಕ್ಲ್ಯಾಂಪನ್ನು ಹಿಂದೆ ಮುಂದೆ ಸರಿಸಲು ಬರುವ ಲಿಫ್ಟು ಇದ್ದರೆ ಇಲ್ಲಿ ಉಪಯೋಗ. ಸೈಡ್ ಸ್ಟ್ಯಾಂಡನ್ನು ನಂಬಿ ಯಾವತ್ತೂ ಏರಿಸಬೇಡಿ, ಅಗ್ಗದ ಲಿಫ್ಟುಗಳ ತಟ್ಟೆ ಅಗಲವೇ ಸಾಲುವುದಿಲ್ಲ. ಕ್ಲ್ಯಾಂಪ್ ಬಿಗಿದ ಮೇಲೂ ಎರಡೂ ಕಡೆ ಬೆಲ್ಟು ಕಟ್ಟಿ. ಬೆಲ್ಟನ್ನು ಹ್ಯಾಂಡಲ್ ತುದಿಗಲ್ಲ, ಮುಂದಿನ ಫೋರ್ಕಿನ ಮೇಲ್ಭಾಗಕ್ಕೆ ಹಾಕಿ, ಶಾಕ್ ಅಬ್ಸಾರ್ಬರ್ ಸ್ವಲ್ಪ ಕುಗ್ಗುವ ತನಕ ಬಿಗಿಯಬೇಕು.

ತುಂಬ ಬಿಗಿಯಾಗಿ ಹಿಡಿದಿರುವ ನಟ್ಟುಗಳನ್ನು ಬೈಕು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿಕೊಳ್ಳಿ. ಮೇಲೆ ಹೋದಮೇಲೆ ಜಗ್ಗಾಟ ಬೇಡ. ಪೆಟ್ರೋಲ್ ನಲ್ಲಿ ಮುಚ್ಚಿರಲಿ, ಗಾಳಿ ಆಡುತ್ತಿರಲಿ. ಇಳಿಸುವಾಗ ಮೊದಲು ಒಂದೆರಡು ಸಲ ತುಳಿದು ಲಾಕ್ ಮೇಲಿನ ಭಾರ ಬಿಡಿಸಿ, ಲಾಕ್ ತೆಗೆದು, ವಾಲ್ವನ್ನು ಮೆಲ್ಲಗೆ ತಿರುಗಿಸಿ. ಆ ಹೊತ್ತಿನಲ್ಲಿ ಅಡಿಯಲ್ಲಿ ಬೆಕ್ಕೂ ಇರಬಾರದು. ನಮ್ಮ ಮನೆಯಲ್ಲಿ ಇದು ಮಾತಿಗೆ ಹೇಳಿದ್ದಲ್ಲ, ಬೆಕ್ಕಿಗೆ ಆ ಕತ್ತರಿ ಕಾಲುಗಳ ನಡುವಿನ ತಂಪು ಬಹಳ ಇಷ್ಟ.

ಸೋಮವಾರದಿಂದ ಶುಕ್ರವಾರ

ನಿಜವಾದ ಜಗಳ ಆದದ್ದು ಇದಾದಮೇಲೆ. ನಾನು ವಾರವಿಡೀ ಬೆಂಗಳೂರಿನಲ್ಲಿ. ಮೈಸೂರಿನಲ್ಲಿ ಅಪ್ಪ ಒಬ್ಬರೇ, ಜೊತೆಗೆ 140 ಕೆ.ಜಿ.ಯ ಬೈಕು ಮತ್ತು ಒಂದು ಲಿಫ್ಟು. ‘ನಾನಿಲ್ಲದಾಗ ಏರಿಸಬೇಡಿ ಅಪ್ಪಾ’ ಅಂದೆ. ಅಪ್ಪನ ಮುಖ ಕೆಂಪಾಯಿತು. ‘ನೀನು ಹುಟ್ಟೋಕೆ ಮುಂಚಿನಿಂದ ಈ ಗಾಡಿ ಬಿಚ್ತಿದೀನಿ. ನನಗೇ ರೂಲ್ಸ್ ಹೇಳ್ತೀಯಾ?’

ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು. ವಾರಕ್ಕೊಂದು ದಿನ ಮಗಳ ಎದುರಿಗೆ ಮಾತ್ರ ಮುಟ್ಟಬೇಕು ಅಂದರೆ, ಅದು ಅವರ ಬೈಕು ಹೇಗಾಗುತ್ತದೆ? ನನ್ನ ಭಯದಲ್ಲೂ ನ್ಯಾಯ ಇತ್ತು. ಇಬ್ಬರೂ ಮಾತು ಬಿಟ್ಟು ಊಟ ಮಾಡಿದೆವು.

ದಾರಿ ಕಂಡದ್ದು ಲಿಫ್ಟಿನ ಕೆಲಸವನ್ನೇ ಬಿಡಿಸಿ ನೋಡಿದಾಗ. ಅಪಾಯ ಇರುವುದು ಹೆಚ್ಚಾಗಿ ಏರಿಸುವಾಗ, ಇಳಿಸುವಾಗ. ಲಾಕ್ ಬಿದ್ದು, ಬೆಲ್ಟು ಬಿಗಿದು, ಭಾರ ಕಬ್ಬಿಣದ ಮೇಲೆ ಕೂತ ಲಿಫ್ಟು ಒಂದು ಗಟ್ಟಿ ಕಟ್ಟೆ ಇದ್ದ ಹಾಗೆ. ಹಾಗಾಗಿ ಭಾನುವಾರ ಸಂಜೆ ಇಬ್ಬರೂ ಸೇರಿ ಒಂದೂವರೆ ಅಡಿಗೆ ಏರಿಸಿ ಲಾಕ್ ಹಾಕುತ್ತೇವೆ. ಪೆಡಲನ್ನು ಬಿಚ್ಚಿ ಒಳಗಿಡುತ್ತೇವೆ. ವಾರವಿಡೀ ಬೈಕು ಅಲ್ಲೇ ನಿಂತಿರುತ್ತದೆ, ಅಪ್ಪ ಬೇಕೆನಿಸಿದಾಗ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ. ಮುಂದಿನ ವಾರಾಂತ್ಯ ನಾನು ಹೋದಾಗ ಇಳಿಸುವುದು. ಪೆಡಲ್ ಬಿಚ್ಚುವ ಉಪಾಯ ಅಪ್ಪನದೇ. ‘ಕೈಯಳತೆಯಲ್ಲಿದ್ದರೆ ನಾನೂ ತುಳಿದುಬಿಡ್ತೀನಿ, ಒಳಗಿಡು’ ಅಂದರು.

ಈಗ ಎಂಟು ತಿಂಗಳಾಯಿತು. ಅಪ್ಪನ ಮೊಣಕಾಲು ನೋವು ಹೋಗಿಲ್ಲ, ಹೋಗುವುದೂ ಇಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಆದರೆ ಎರಡೂ ಸೈಲೆನ್ಸರ್ ಬಿಚ್ಚಿ ಇಂಗಾಲ ಕೆರೆದಾಗಿದೆ. ಕಾರ್ಬೊರೇಟರ್ ಸ್ವಚ್ಛವಾಗಿದೆ, ಚೈನ್ ಕವರ್ ಒಳಗೆ ಹೊಸ ಚೈನ್ ಬಿದ್ದಿದೆ. ಎದುರು ಮನೆಯ ಕಾಲೇಜು ಹುಡುಗ ತನ್ನ ಸ್ಪ್ಲೆಂಡರ್ ತಂದು, ‘ಅಂಕಲ್, ಒಂದ್ಸಲ ಏರಿಸಿ ನೋಡೋಣ್ವಾ?’ ಅಂತ ಕೇಳಿದ. ಈಗ ಅವನಿಗೆ ಅಪ್ಪ ಪಾಠ ಹೇಳ್ತಾರೆ. ಇಡ್ಲಿ ತಟ್ಟೆ ಅವನ ಕೈಯಲ್ಲಿದೆ.

ಎಲ್ಲರೂ ತಗೊಳ್ಳಿ ಅಂತ ಖಂಡಿತ ಹೇಳಲಾರೆ. ವರ್ಷಕ್ಕೆರಡು ಸಲ ಎಣ್ಣೆ ಬದಲಿಸಲು ಮಾತ್ರ ಆದರೆ ಸರ್ವಿಸ್ ಸೆಂಟರೇ ಅಗ್ಗ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಆರೇಳು ಅಡಿ ಜಾಗ ಸಿಗುವುದೂ ಕಷ್ಟ. ಮನೆಯಲ್ಲಿ ತಾವೇ ಬಿಚ್ಚಿ ಜೋಡಿಸುವವರಿದ್ದು, ಅವರ ಸೊಂಟವೋ ಮೊಣಕಾಲೋ ಮೊದಲಿನಂತಿಲ್ಲ ಅಂದರೆ ಮಾತ್ರ ಯೋಚನೆ ಮಾಡಿ. ಆಗ ಕೂಡ ಭಾರದ ಲೆಕ್ಕ ಆಮೇಲೆ, ಮೊದಲು ಲಾಕ್ ನೋಡಿ.

ಹಳೇ ಬೈಕು ಸಂಗ್ರಹಿಸುವವರು ಹೋದ ತಿಂಗಳು ಮತ್ತೆ ಫೋನ್ ಮಾಡಿದ್ದರಂತೆ, ರೇಟು ಇನ್ನೂ ಐದು ಸಾವಿರ ಏರಿಸಿ. ಅಪ್ಪ ಬಹಳ ಗಂಭೀರವಾಗಿ ಉತ್ತರ ಕೊಟ್ಟರು ಅಂತ ಅಮ್ಮ ಹೇಳಿದರು: ‘ಈಗ ಆಗಲ್ಲ ಸಾರ್, ಗಾಡಿ ಬಿಚ್ಚಿಟ್ಟಿದೀನಿ.’

ಬಿಚ್ಚಿದ್ದದ್ದು ಒಂದು ಹೆಡ್‌ಲೈಟ್ ಮಾತ್ರ.